ಬ್ರಹ್ಮಗಿರಿಯ ಕಲ್ಲುಮನೆಗಳು

ನೋಡುಗನು ಒಳಹೊಕ್ಕು ಅಥವಾ ಸುತ್ತಿಬಂದು ಅನುಭವಿಸಬೇಕಾದ, ಸ್ಥಳವನ್ನೇ ಕೃತಿಯಾಗಿಸುವ ಕಲೆಗೆ ಇಂದು ಪ್ರತಿಷ್ಠಾಪನಾ ಕಲೆಯೆಂದು ಹೆಸರು. ಮನೆ ಮತ್ತು ನೆನಪು ಇದರ ಪ್ರಿಯ ವಸ್ತುಗಳು. 1993ರಲ್ಲಿ ರೇಚಲ್ ವೈಟ್‌ರೀಡ್ ಎಂಬ ಶಿಲ್ಪಿ ಲಂಡನ್ನಿನ ಮನೆಯೊಂದರ ಒಳಗಿನ ಬರಿದನ್ನೇ ಕಾಂಕ್ರೀಟಿನಲ್ಲಿ ಎರಕಹೊಯ್ದು ನಿಲ್ಲಿಸಿದಳು. ಮರುವರ್ಷದ ಜನವರಿಯಲ್ಲಿ ಅದನ್ನು ಕೆಡವಲಾಯಿತು. ಇದೇ ವಸ್ತುವಿನ ಬಹುಪ್ರಾಚೀನ ನಿದರ್ಶನ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ತಪ್ಪಲಿನಲ್ಲಿದೆ.

1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ನಡೆಸಿದ ಉತ್ಖನನ ವಿದ್ವಾಂಸರಿಗೆ ಪರಿಚಿತವೇ. ಅದಕ್ಕೂ ಮೊದಲು ಎಂ. ಎಚ್. ಕೃಷ್ಣ ಅವರು ಇಲ್ಲಿ ಅಗೆದಿದ್ದರು. ಜೀವಂತರು ವಾಸಿಸಿದ ಮನೆಗಳಲ್ಲಿ ಉಳಿದದ್ದು ಮರದ ಕಂಬಗಳನ್ನು ನೆಟ್ಟ ಕುಳಿಗಳು ಮಾತ್ರ. ಅದಕ್ಕೂ ಹಿಂದಿನ ಕಲ್ಲುಕೊಡಲಿಯ ಜನರಾದರೋ ಸತ್ತ ಎಳೆಗೂಸುಗಳನ್ನು ಮಡಕೆಯಲ್ಲಿಟ್ಟು ವಸತಿಯ ನೆಲೆಯಲ್ಲೇ ಹೂಳುತ್ತಿದ್ದರು. ಮಗುವನ್ನು ದೂರ ಕಳುಹಿಸಲಿಲ್ಲ.

ಬೃಹತ್ ಶಿಲಾ ಕಾಲದವರು ಕಟ್ಟಿದ ಕೋಣೆಯ ರಚನೆ ಗಮನಾರ್ಹವಾದುದು. ನಾಲ್ಕು ಕಣಶಿಲೆಯ ಚಪ್ಪಡಿಗಳನ್ನು ಸ್ವಸ್ತಿಕದಂತೆ, ಒಂದರ ತುದಿ ಇನ್ನೊಂದನ್ನು ದಾಟುವಂತೆ, ನಿಲ್ಲಿಸಿದ್ದಾರೆ. ಹೊರಗಿನ ಮಣ್ಣಿನ ಒತ್ತಡವೇ ಅವನ್ನು ಒಳಕ್ಕೆ ಬೀಳದಂತೆ ಬಿಗಿಯುತ್ತದೆ. ಸುತ್ತಲೂ ಕಲ್ಲುವೃತ್ತ, ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಒಳಗೆ ಮಡಕೆಗಳೂ ಕಬ್ಬಿಣದ ಸಾಮಾನುಗಳೂ ಒಬ್ಬರದಲ್ಲ, ಹಲವರ ಎಲುಬುಗಳೂ ದೊರೆತವು. ಕಲ್ಲುಕೋಣೆಯಿಲ್ಲದ ಗುಂಡಿವೃತ್ತಗಳಲ್ಲಿ ದೇಹವನ್ನು ಮೊದಲು ಶಿಥಿಲವಾಗಲು ಬಿಟ್ಟು, ಬಳಿಕ ಆಯ್ದ ಎಲುಬುಗಳನ್ನು ಕೋಣೆಗೆ ತರುತ್ತಿದ್ದರೆಂದು ವೀಲರ್ ಊಹಿಸಿದರು. ಊಹೆಯೇ ಆದರೂ ಕಿಂಡಿಯ ಉಪಯೋಗಕ್ಕೆ ಅದು ಹೊಂದುತ್ತದೆ: ಇದು ಒಮ್ಮೆ ಮುಚ್ಚಿ ಮರೆಯುವ ಗೋರಿಯಲ್ಲ, ಮತ್ತೆ ಮತ್ತೆ ಬರಬೇಕಾದ ತಾಣ. ನಮ್ಮ ಜನ ಇಂಥ ರಚನೆಗಳನ್ನು ಹಲವೆಡೆ 'ಮೋರ್ಯರ ಮನೆ', 'ಪಾಂಡವರ ಮನೆ' ಎನ್ನುವುದು ಸುಮ್ಮನೆ ಅಲ್ಲ. ಆದರೆ ಇದನ್ನು ಮರದ ಮನೆಯ ಕಲ್ಲಿನ ನಕಲೆಂದು ನಾನು ಒಪ್ಪಲಾರೆ. ಸ್ವಸ್ತಿಕದ ಜೋಡಣೆ ಚಪ್ಪಡಿಗೇ ಸಲ್ಲುವ ಉಪಾಯ, ಕಂಬದ ಕಟ್ಟಡಕ್ಕೆ ಅದರ ಅಗತ್ಯವಿಲ್ಲ. ಸ್ಮರಣೆಗಾಗಿಯೇ ಹೊಸತಾಗಿ ಯೋಚಿಸಿದ ಕೋಣೆ ಇದು.

ಕಾಲನಿರ್ಣಯದಲ್ಲಿ ವೀಲರರ ಮತ ಈಗ ನಿಲ್ಲದು. ಈ ಸಂಸ್ಕೃತಿ ಇಲ್ಲಿ ಕ್ರಿ. ಪೂ. 200ರ ಸುಮಾರಿಗೆ ಆರಂಭವಾಯಿತೆಂದು ಅವರು ಎಣಿಸಿದರು. ಹಳ್ಳೂರಿನಂಥ ನೆಲೆಗಳ ಇಂಗಾಲ ಪರೀಕ್ಷೆಗಳು ಕರ್ನಾಟಕದಲ್ಲಿ ಕಬ್ಬಿಣದ ಬಳಕೆಯನ್ನು ಕ್ರಿ. ಪೂ. 1000ದವರೆಗೆ ಹಿಂದೊಯ್ದಿವೆ. ಹಾಗಾದರೆ 1892ರಲ್ಲಿ ಬಿ. ಎಲ್. ರೈಸ್ ಪತ್ತೆಮಾಡಿದ ಅಶೋಕನ ಶಾಸನವನ್ನು ಇಲ್ಲಿನ ಬಂಡೆಯ ಮೇಲೆ ಕೆತ್ತಿದಾಗ, ಈ ಕೋಣೆಗಳಲ್ಲಿ ಕೆಲವಾದರೂ ಆಗಲೇ ಹಳೆಯವಾಗಿದ್ದಿರಬೇಕು. ತಾಯಿತಂದೆಗಳಿಗೆ ವಿಧೇಯರಾಗಿರುವುದು ಪುರಾತನ ಪದ್ಧತಿಯೆಂದು ಆ ಶಾಸನ ಇಸಿಲದ ಜನರಿಗೆ ಸಾರಿದ್ದು ಪೂರ್ವಿಕರ ಎಲುಬುಗಳಿದ್ದ ಈ ಕಲ್ಲುಮನೆಗಳ ನೆರೆಯಲ್ಲಿಯೇ.