ಎಣಿಸಲು ಎಡವಿದ ಯಂತ್ರ

ಮಕ್ಕಳೇ, 'ಸ್ಟ್ರಾಬೆರಿ' ಹಣ್ಣಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯಿರಿ. 'ಆರ್' ಅಕ್ಷರ ಎಷ್ಟು ಸಲ ಬಂದಿದೆ? ಮೂರು ಸಲ, ಅಲ್ಲವೇ? ಆದರೆ ಪ್ರಶ್ನೆಗೆ ಉತ್ತರ ಬರೆದುಕೊಡುವ 'ಚಾಟ್‌ಜಿಪಿಟಿ'ಯನ್ನು 2024ರಲ್ಲಿ ಕೇಳಿದಾಗ ಅನೇಕರಿಗೆ 'ಎರಡು' ಎಂಬ ಉತ್ತರ ಸಿಕ್ಕಿತು! ಪ್ರಬಂಧವನ್ನೇ ಬರೆಯಬಲ್ಲ ಯಂತ್ರಕ್ಕೆ ಎಣಿಕೆ ಬಾರದೇ?

ಅದು ನಮ್ಮಂತೆ ಅಕ್ಷರಗಳನ್ನು ನೋಡುವುದಿಲ್ಲ. ನಾವು ಬರೆದ ವಾಕ್ಯವನ್ನು ಮೊದಲು 'ಟೋಕನ್' ಎಂಬ ತುಂಡುಗಳಾಗಿ ಕತ್ತರಿಸಲಾಗುತ್ತದೆ. ಒಂದೊಂದು ತುಂಡಿನಲ್ಲಿ ಹಲವು ಅಕ್ಷರಗಳಿರಬಹುದು. ಪ್ರತಿ ತುಂಡಿಗೂ ಒಂದು ಸಂಖ್ಯೆ. ಯಂತ್ರಕ್ಕೆ ತಲುಪುವುದು ಆ ಸಂಖ್ಯೆಗಳು ಮಾತ್ರ. ಮುಚ್ಚಿದ ಡಬ್ಬಿಯ ಮೇಲಿನ ನಂಬರು ನೋಡಿ ಒಳಗಿನ ಕಡಲೆಕಾಯಿ ಎಣಿಸಿದಂತೆ! ಹಾಗಾಗಿ ಅದು, ತಾನು ಕಲಿತ ಅಪಾರ ಬರಹದ ಆಧಾರದ ಮೇಲೆ, ಉತ್ತರವನ್ನು ಊಹಿಸುತ್ತದೆ. ಊಹೆ ತಪ್ಪಿದಾಗಲೂ ಹೇಳುವ ಧಾಟಿ ಮಾತ್ರ ಎಲ್ಲಾ ಬಲ್ಲವರದು!

ಈಗ ಇಂಥ ತಪ್ಪು ಕಡಿಮೆಯಾಗಿದೆ. ಆದರೂ ಸಂಶಯ ಬಂದರೆ, 'ಮೊದಲು ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಬರೆ, ಆಮೇಲೆ ಎಣಿಸು' ಎಂದು ಹೇಳಿ. ಬಿಡಿಸಿ ಬರೆದಾಗ ಡಬ್ಬಿ ತೆರೆದಂತಾಗುತ್ತದೆ. 'ತಪ್ಪು, ತಪ್ಪು' ಎಂದು ಗದರಿದರೆ ಪ್ರಯೋಜನವಿಲ್ಲ. ಸರಿಯಾದ ಉತ್ತರವನ್ನೂ ಅದು ಕ್ಷಮೆ ಕೇಳಿ ಬದಲಿಸಿಬಿಡುವುದುಂಟು!

ಇಸವಿ, ಕವಿಯ ಹೆಸರು ಮುಂತಾದವನ್ನು ಕೇಳಿದಾಗ ಈ ಉಪಾಯ ನಡೆಯದು. ಅಲ್ಲಿ ಬಿಡಿಸಿ ಎಣಿಸುವಂಥದ್ದು ಏನೂ ಇಲ್ಲ. ಆಗ ಪಠ್ಯಪುಸ್ತಕವನ್ನೇ ತೆರೆಯಬೇಕು.