ಇಂಜಿನ್ನಿಗೆ ತಣ್ಣೀರು ಹೆಚ್ಚಾದರೂ ಡೀಸೆಲ್ ದಂಡ

ಕೃಷಿಹೊಂಡದ ದಡದಲ್ಲಿ 5 ಎಚ್.ಪಿ. ಡೀಸೆಲ್ ಇಂಜಿನ್ನು ಇಟ್ಟುಕೊಂಡು, ಮಳೆ ಕೈಕೊಟ್ಟಾಗ ರಾಗಿ, ಅವರೆಗೆ ಒಂದೆರಡು ನೀರು ಕೊಟ್ಟು ಬೆಳೆ ಉಳಿಸಿಕೊಳ್ಳುವವನು ನಾನು. ಇಂಜಿನ್ನು ಕಾದರೆ ಕೆಡುತ್ತೆ ಅಂತ ಪಂಪಿನ ನೀರನ್ನೇ ಸಣ್ಣ ಪೈಪಿನಲ್ಲಿ ಧಾರಾಳವಾಗಿ ಅದರೊಳಗೆ ಹರಿಸುತ್ತಿದ್ದೆ. ಹೊರಗೆ ಬರುವ ನೀರು ತಣ್ಣಗಿದ್ದರೆ ನನಗೆ ಸಮಾಧಾನ. ವರ್ಷಗಟ್ಟಲೆ ಹೀಗೇ ಮಾಡಿ ಡೀಸೆಲ್ ದಂಡ ಮಾಡಿಕೊಂಡೆ. ಶಾಖದ ಲೆಕ್ಕ ಅರ್ಥವಾದ ಮೇಲೆ ತಪ್ಪು ತಿಳಿಯಿತು.

ಆ ಲೆಕ್ಕದ ಗುಂಗು ಹತ್ತಿದ್ದು ಮೈಸೂರಿನಲ್ಲಿ. ಸಿ.ಎಫ್.ಟಿ.ಆರ್.ಐ. ಎದುರಿಗೆ 1979ರಲ್ಲಿ ಶುರುವಾದ ರೈಲ್ವೆ ಮ್ಯೂಸಿಯಂ ಇದೆ. ಮೊಮ್ಮಗನಿಗೆ ಉಗಿಬಂಡಿ ತೋರಿಸಲು ಹೋಗಿದ್ದೆ. ಆನೆಯಂಥ ಇಂಜಿನ್ನುಗಳು. ಆದರೆ 100 ರೂಪಾಯಿ ಕಲ್ಲಿದ್ದಲು ಉರಿಸಿದರೆ ಬಂಡಿ ಎಳೆಯಲು ಸಿಗುತ್ತಿದ್ದದ್ದು 5ರಿಂದ 8 ರೂಪಾಯಿಯಷ್ಟು ಕೆಲಸ ಮಾತ್ರ. ಉಳಿದದ್ದು ಹೊಗೆ, ಉಗಿಯ ಜೊತೆ ಹೋಗುತ್ತಿತ್ತು.

ಶಾಖವೂ ನೀರಿನ ಹಾಗೆ

ನೀರು ಎತ್ತರದಿಂದ ಬಿದ್ದರೆ ಚಕ್ರ ತಿರುಗುತ್ತದೆ. ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟು ತೆಗೆದದ್ದೂ ಹಾಗೆಯೇ. ಮಟ್ಟದಲ್ಲಿ ನಿಂತ ನೀರಿನಿಂದ ಚಕ್ರ ತಿರುಗದು. ಶಾಖವೂ ಅಷ್ಟೆ. ಬಿಸಿ ಕಡೆಯಿಂದ ತಣ್ಣನೆ ಕಡೆಗೆ ಇಳಿಯುವಾಗ ಮಾತ್ರ ಕೆಲಸ ಕೊಡುತ್ತದೆ. ಫ್ರಾನ್ಸಿನ ಸಾದಿ ಕಾರ್ನೋ ಎಂಬವನು 1824ರಲ್ಲೇ ಇದನ್ನು ಬರೆದಿಟ್ಟ. ಇಳಿಯುವ ಶಾಖದಲ್ಲಿ ಒಂದು ಪಾಲನ್ನು ಹೊರಗೆ ಬಿಡಲೇಬೇಕು, ಪೂರಾ ಕೆಲಸವಾಗದು.

ಎಷ್ಟು ಪಾಲು? ಉಗಿ 200 ಡಿಗ್ರಿಯಲ್ಲಿ ಒಳಗೆ ಹೋಗಿ 100 ಡಿಗ್ರಿಯಲ್ಲಿ ಹೊರಗೆ ಬರುತ್ತದೆ ಅನ್ನಿ. ಎರಡಕ್ಕೂ 273 ಸೇರಿಸಿ: 473, 373. ವ್ಯತ್ಯಾಸ 100. ಅದನ್ನು 473ರಿಂದ ಭಾಗಿಸಿದರೆ ನೂರಕ್ಕೆ 21. ಎಂಥಾ ಮೇಸ್ತ್ರಿ ಬಂದರೂ ಇದಕ್ಕಿಂತ ಹೆಚ್ಚು ತೆಗೆಯಲಾರ. ಸೋರಿಕೆ, ಉಜ್ಜುವಿಕೆ ಎಲ್ಲ ಕಳೆದರೆ ಇನ್ನೂ ಕಡಿಮೆ.

ಡೀಸೆಲ್ ಇಂಜಿನ್ನಿನಲ್ಲಿ ಬೆಂಕಿ ಸಿಲಿಂಡರಿನ ಒಳಗೇ ಹತ್ತುತ್ತದೆ. ಶಾಖ ಸಾವಿರ ಡಿಗ್ರಿ ದಾಟುತ್ತದೆ. ಬೀಳುವ ಎತ್ತರ ಹೆಚ್ಚಿದಂತಾಯಿತು. 1897ರಲ್ಲಿ ರುಡಾಲ್ಫ್ ಡೀಸೆಲ್‌ನ ಇಂಜಿನ್ನು ನೂರಕ್ಕೆ ಸುಮಾರು 26 ಪಾಲು ಕೆಲಸ ಕೊಟ್ಟಿತು. ನಮ್ಮ ಸಣ್ಣ ಇಂಜಿನ್ನುಗಳೂ ಚೆನ್ನಾಗಿದ್ದರೆ 25ರಿಂದ 30 ಕೊಡುತ್ತವೆ.

ಒಂದು ಲೀಟರ್ ಡೀಸೆಲಿನ ಲೆಕ್ಕ

ಒಂದು ಲೀಟರಿನಲ್ಲಿ ಸುಮಾರು 10 ಯೂನಿಟ್ ಕರೆಂಟಿನಷ್ಟು ಶಾಖ ಇದೆ. ಪೂರಾ ಕೆಲಸವಾಗಿದ್ದರೆ 10 ಮೀಟರ್ ಎತ್ತರಕ್ಕೆ ಮೂರೂವರೆ ಲಕ್ಷ ಲೀಟರಿಗಿಂತ ಹೆಚ್ಚು ನೀರು ಏರಬೇಕು. ಇಂಜಿನ್ನು ಕಾಲು ಪಾಲು ಕೊಟ್ಟು, ಪಂಪು ಅದರಲ್ಲಿ ಅರ್ಧ ತಿಂದರೆ ಏರುವುದು 45,000 ಲೀಟರಿನ ಆಸುಪಾಸು. ಇದರಲ್ಲಿ ಒಂದು ಪಾಲು ನಿಯಮದ ದಂಡ, ತಪ್ಪಿಸಲಾಗದು. ಅದರ ಮೇಲೆ ನಾವೇ ಹಾಕಿಕೊಳ್ಳುವ ದಂಡ ಬೇಡ.

ನಾನು ತಪ್ಪಿದ್ದೆಲ್ಲಿ?

ತಣ್ಣನೆ ಕಡೆ ಇದ್ದರೇ ಶಾಖ ಇಳಿಯುವುದು ತಾನೆ, ಹಾಗಾದರೆ ತಣ್ಣೀರು ಒಳ್ಳೇದಲ್ವೆ ಅಂತ ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಆದರೆ ಶಾಖ ಮೊದಲು ಪಿಸ್ಟನ್ನನ್ನು ತಳ್ಳಬೇಕು, ಆಮೇಲೆ ಹೊಗೆಕೊಳವೆಯಲ್ಲಿ ಹೊರಬೀಳಬೇಕು. ಸಿಲಿಂಡರಿನ ಗೋಡೆ ತಣ್ಣಗಿದ್ದರೆ ತಳ್ಳುವ ಮೊದಲೇ ಶಾಖ ಗೋಡೆಗೆ ಹೋಗಿಬಿಡುತ್ತದೆ. ಚಕ್ರಕ್ಕೆ ಬೀಳುವ ಮೊದಲೇ ಕಾಲುವೆ ಒಡೆದ ಹಾಗೆ. ಡೀಸೆಲ್ ಸರಿಯಾಗಿ ಉರಿಯದು, ಎಣ್ಣೆ ಗಟ್ಟಿಯಾಗಿ ಉಜ್ಜುವಿಕೆ ಹೆಚ್ಚುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ.

ಈಗ ಆ ಸಣ್ಣ ಪೈಪಿಗೆ ವಾಲ್ವು ಹಾಕಿದ್ದೇನೆ. ಹೊರಬರುವ ನೀರು 60 ಡಿಗ್ರಿಯ ಮೇಲಿರುವಂತೆ, ಅಂದರೆ ಬೆರಳು ತಾಗಿಸಿದರೆ ತಕ್ಷಣ ತೆಗೆಯುವಷ್ಟು ಬಿಸಿ ಇರುವಂತೆ, ನೀರು ಕಡಿಮೆ ಬಿಡುತ್ತೇನೆ. ಕುದಿಯಲು ಬಿಡಬಾರದು. ಕಾದ ಇಂಜಿನ್ನಿಗೆ ಒಮ್ಮೆಲೇ ತಣ್ಣೀರು ಬಿಡಬಾರದು, ಬಿರುಕು ಬಿಟ್ಟೀತು. ಪೈಪಿನ ಅನಗತ್ಯ ಬೆಂಡು ತೆಗೆಯಿರಿ. ಫುಟ್‌ವಾಲ್ವಿನ ಕಸ ತೆಗೆಯಿರಿ. ಕಪ್ಪು ಹೊಗೆ ಬಂದರೆ ಡೀಸೆಲ್ ಪೂರಾ ಉರಿಯುತ್ತಿಲ್ಲ ಅಂತ ತಿಳಿದು ಫಿಲ್ಟರು, ನಾಜಲ್ ತೋರಿಸಿ.

ಒಂದು ಲೀಟರ್ ಅಳೆದು ಹಾಕಿ, ಎಷ್ಟು ಹೊತ್ತು ಓಡಿತು, ಎಷ್ಟು ಸಾಲು ನೆನೆಯಿತು ಅಂತ ಬರೆದಿಡಿ. ವಾಲ್ವು ತಿರುಗಿಸಿ ಮತ್ತೆ ಅಳೆಯಿರಿ. ನನ್ನ ಮಾತು ನಂಬಬೇಕಾಗಿಲ್ಲ, ನಿಮ್ಮ ಡಬ್ಬವೇ ಹೇಳುತ್ತದೆ.