ಒಕ್ಕಲಾಗಿ ಬಂದ ಮರಗಳು

ಮನೆಯೆಂದರೆ ನಾಲ್ಕು ಗೋಡೆ, ಒಂದು ಸೂರು ಮಾತ್ರವಲ್ಲ. ಕನ್ನಡ ನಾಡಿನ ಹಳೆಯ ಮನೆಗಳನ್ನು ಕಟ್ಟಿದವರು ಈ ಮಾತನ್ನು ಚೆನ್ನಾಗಿ ಅರಿತಿದ್ದರು. ತೊಟ್ಟಿಯ ಮನೆಯ ನಡುವಣ ಅಂಗಳದಲ್ಲಿ ಬಿಸಿಲು ಬೀಳುತ್ತಿತ್ತು, ಮಳೆ ಸುರಿಯುತ್ತಿತ್ತು. ಒಳಗಿನ ಬಿಸಿಗಾಳಿ ಅಲ್ಲಿಂದಲೇ ಮೇಲೇರಿ ಹೋಗುತ್ತಿತ್ತು. ಮುಂದೆ ಜಗಲಿ, ಹಿಂದೆ ಹಿತ್ತಿಲು. ಹಿತ್ತಿಲಿನಲ್ಲಿ ಬಚ್ಚಲ ನೀರನ್ನು ಕುಡಿದು ಬೆಳೆಯುವ ಬಾಳೆ, ನುಗ್ಗೆ, ಕರಿಬೇವು. ನಿಸರ್ಗವನ್ನು ಮನೆಗೆ ಕರೆತರಬೇಕೆಂಬ ಯೋಚನೆ ಅಂದಿನವರಿಗೆ ಬರಲು ಕಾರಣವೇ ಇರಲಿಲ್ಲ. ಏಕೆಂದರೆ ಅದು ಮನೆಯನ್ನು ಬಿಟ್ಟು ಹೋಗಿಯೇ ಇರಲಿಲ್ಲ.

ನಗರಗಳು ಬೆಳೆದಂತೆ ಈ ಸ್ಥಿತಿ ಬದಲಾಯಿತು. ಒಂದು ಕುಟುಂಬ ವಾಸಿಸುತ್ತಿದ್ದ ನೆಲದ ಮೇಲೆ ಇಂದು ಹತ್ತಾರು ಕುಟುಂಬಗಳು ಒಂದರ ಮೇಲೊಂದಾಗಿ ನೆಲೆಸಿವೆ. ಇದನ್ನು ದೂಷಿಸಿ ಫಲವಿಲ್ಲ. ಅಷ್ಟೂ ಕುಟುಂಬಗಳು ಬೇರೆ ಬೇರೆ ನಿವೇಶನಗಳಲ್ಲಿ ಮನೆ ಕಟ್ಟಿಕೊಂಡರೆ ನಗರವು ಸುತ್ತಲಿನ ಹೊಲಗದ್ದೆಗಳನ್ನು ಇನ್ನೂ ಬೇಗ ನುಂಗುತ್ತದೆ. ಬಹುಮಹಡಿ ಕಟ್ಟಡ ಈ ಕಾಲದ ಅನಿವಾರ್ಯ. ಆದರೆ ಅದು ಮೇಲಕ್ಕೆ ಏರುವಾಗ ಅಂಗಳ, ಜಗಲಿ, ಹಿತ್ತಿಲು ಮೂರನ್ನೂ ಕೆಳಗೇ ಬಿಟ್ಟು ಹೋಯಿತು. ನಷ್ಟವಾದುದು ಬರಿಯ ಚೆಲುವೇ?

ಅಲ್ಲ. ಕಾಂಕ್ರೀಟು, ಡಾಂಬರು, ಇಟ್ಟಿಗೆಗಳು ಹಗಲಿನ ಬಿಸಿಲನ್ನು ಹೀರಿಕೊಂಡು ರಾತ್ರಿಯೆಲ್ಲ ಅದನ್ನು ಹೊರಸೂಸುತ್ತವೆ. ಲಂಡನ್ ನಗರದ ಹವೆ ಸುತ್ತಲಿನ ಹಳ್ಳಿಗಾಡಿಗಿಂತ ಬೆಚ್ಚಗಿರುವುದನ್ನು ಲ್ಯೂಕ್ ಹೊವರ್ಡ್ ಎಂಬಾತನು 19ನೆಯ ಶತಮಾನದ ಆರಂಭದಲ್ಲಿಯೇ ಅಳೆದು ತೋರಿಸಿದ್ದನು. ಇಂದು ಬಹುತೇಕ ಮಹಾನಗರಗಳ ಪಾಡು ಇದೇ. ತಂಪಿಗಾಗಿ ಇರಿಸಿದ ಹವಾನಿಯಂತ್ರಕಗಳು ಒಳಗಿನ ಬಿಸಿಯನ್ನು ಹೊರಕ್ಕೆ ದೂಡುತ್ತವೆ. ಒಬ್ಬನ ಕೋಣೆಯ ತಂಪು ಬೀದಿಯಲ್ಲಿ ನಡೆಯುವ ಇನ್ನೊಬ್ಬನ ಪಾಲಿಗೆ ಸೆಕೆಯಾಗುತ್ತದೆ.

ಮರದ ಬಗೆ ಬೇರೆ. ಅದು ನೆರಳನ್ನು ಕೊಡುವುದರ ಜೊತೆಗೆ ಬೇರಿನಿಂದ ಹೀರಿದ ನೀರನ್ನು ಎಲೆಗಳ ಮೂಲಕ ಆವಿಯಾಗಿ ಬಿಡುತ್ತದೆ. ಇದೇ ಬಾಷ್ಪವಿಸರ್ಜನೆ. ಒಂದು ಲೀಟರ್ ನೀರು ಹೀಗೆ ಆವಿಯಾಗಲು ಸುಮಾರು 580 ಕಿಲೊಕ್ಯಾಲರಿಗಳಷ್ಟು ಶಾಖ ಬೇಕು. ಆ ಶಾಖವನ್ನು ಮರವು ಸುತ್ತಲಿನಿಂದಲೇ ಪಡೆಯುವುದರಿಂದ ಎಲೆಗಳೂ ಅವುಗಳ ಸುತ್ತಲಿನ ಗಾಳಿಯೂ ತಂಪಾಗುತ್ತವೆ. ಹಾಗಾದರೆ ಬಹುಮಹಡಿ ಕಟ್ಟಡ ಕಳೆದುಕೊಂಡ ನಿಸರ್ಗವನ್ನು ಅದಕ್ಕೆ ಮರಳಿ ಕೊಡಲು ಸಾಧ್ಯವೆ? ಕೆಲವರು ಸಾಧ್ಯವೆಂದು ತೋರಿಸಿದ್ದಾರೆ.

ನಿಸರ್ಗವೆಂದರೆ ಕೇವಲ ಗಿಡಮರವಲ್ಲ. ಗಾಳಿ, ಬಿಸಿಲು, ಮಳೆಗಳೂ ನಿಸರ್ಗವೇ. ಭಾರತದ ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರು ಮುಂಬಯಿಯಲ್ಲಿ ರೂಪಿಸಿದ ‘ಕಾಂಚನಜುಂಗಾ’ ಎಂಬ ವಸತಿಕಟ್ಟಡ ಈ ಮಾತಿಗೆ ನಿದರ್ಶನ. 1983ರಲ್ಲಿ ಪೂರ್ಣಗೊಂಡ ಈ ಗೋಪುರದಲ್ಲಿ 32 ಮನೆಗಳಿವೆ. ಮುಂಬಯಿಯಲ್ಲಿ ತಂಪಾದ ಕಡಲಗಾಳಿ ಬೀಸುವುದು ಪಡುವಣದಿಂದ. ಆದರೆ ಮಧ್ಯಾಹ್ನದ ಉರಿಬಿಸಿಲೂ ಮುಂಗಾರಿನ ಬಿರುಮಳೆಯೂ ಬರುವುದು ಅದೇ ದಿಕ್ಕಿನಿಂದ. ಗಾಳಿ ಬೇಕೆಂದು ಬಾಗಿಲು ತೆರೆದರೆ ಬಿಸಿಲು ಮಳೆಗಳೂ ಒಳನುಗ್ಗುತ್ತವೆ. ಹಳೆಯ ಬಂಗಲೆಗಳು ಸುತ್ತಲೂ ಜಗಲಿಯನ್ನು ಇರಿಸಿಕೊಂಡು ಈ ತೊಡಕನ್ನು ಬಿಡಿಸಿಕೊಂಡಿದ್ದವು. ಕೊರಿಯಾ ಅವರು ಆ ಜಗಲಿಯನ್ನೇ ಮುಗಿಲೆತ್ತರಕ್ಕೆ ಒಯ್ದರು. ಕಟ್ಟಡದ ಮೂಲೆಗಳಲ್ಲಿ ಎರಡು ಅಂತಸ್ತಿನ ಎತ್ತರದ ತೆರೆದ ಕೈತೋಟಗಳನ್ನು ಕೊರೆದರು. ಗಾಳಿ ಆ ತೋಟವನ್ನು ಹಾದು ಮನೆಯೊಳಕ್ಕೆ ಬರುತ್ತದೆ. ಬಿಸಿಲು ಮಳೆಗಳ ಬಿರುಸು ಅಲ್ಲಿಯೇ ಮುರಿಯುತ್ತದೆ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಈ ಕಟ್ಟಡ ಸುಳ್ಳಾಗಿಸಿತು. ಹೊಸ ಕಾಲದ ಬೇನೆಗೆ ಹಿರಿಯರ ಜಗಲಿಯಲ್ಲಿಯೇ ಮದ್ದು ಇದ್ದಿತು.

ಇನ್ನು ಮರಗಳ ಮಾತು. ಆಸ್ಟ್ರಿಯ ದೇಶದ ಚಿತ್ರಕಾರ ಹುಂಡರ್ಟ್‌ವಾಸರ್ ಒಂದು ವಿಚಿತ್ರವಾದ ವಿಚಾರವನ್ನು ಮುಂದಿಟ್ಟನು. ಮರಗಳನ್ನು ಕಟ್ಟಡದ ಅಲಂಕಾರವೆಂದು ನೋಡದೆ ಬಾಡಿಗೆಯ ಒಕ್ಕಲುಗಳೆಂದೇ ನೋಡಬೇಕು ಎಂಬುದು ಅವನ ವಾದ. ಮನುಷ್ಯರು ಹಣದಲ್ಲಿ ಬಾಡಿಗೆ ತೆತ್ತರೆ, ಮರಗಳು ಶುದ್ಧವಾದ ಗಾಳಿ, ನೆರಳು, ಚೆಲುವುಗಳಲ್ಲಿ ತೆರುತ್ತವೆ. 1973ರಲ್ಲಿ ಇಟಲಿಯ ಮಿಲಾನ್ ನಗರದ ಒಂದು ಕಟ್ಟಡದ ಕಿಟಕಿಗಳಲ್ಲಿ ಮರಗಳನ್ನು ನೆಡಿಸಿ ಅವನು ತನ್ನ ವಿಚಾರವನ್ನು ಜನರ ಕಣ್ಣಮುಂದಿರಿಸಿದನು. 1985ರಲ್ಲಿ ವಿಯೆನ್ನಾ ನಗರಾಡಳಿತದ ವಸತಿಗೃಹವೊಂದು ಅವನ ಕಲ್ಪನೆಯಂತೆ ಸಿದ್ಧವಾಯಿತು. ಸುಮಾರು 50 ಮನೆಗಳಿರುವ ಆ ಕಟ್ಟಡದ ತಾರಸಿಗಳಲ್ಲಿಯೂ ಕಿಟಕಿಗಳಲ್ಲಿಯೂ ಸುಮಾರು 250 ಮರಗಳೂ ಪೊದೆಗಳೂ ನೆಲೆಗೊಂಡವು. ಅದನ್ನು ನೋಡಲೆಂದೇ ದೇಶವಿದೇಶಗಳಿಂದ ಜನ ಬರುವುದುಂಟು.

ಒಕ್ಕಲೆಂದ ಮೇಲೆ ಅವರಿಗೆ ಜಾಗ, ಆಹಾರ, ನೀರು ಬೇಕಷ್ಟೆ. ಅದು ಸುಲಭದ ಕೆಲಸವಲ್ಲ. ಒಂದು ಘನಮೀಟರ್ ಒದ್ದೆಮಣ್ಣು ಒಂದೂವರೆ ಟನ್ನಿಗೂ ಮಿಗಿಲಾಗಿ ತೂಗುತ್ತದೆ. ಎತ್ತರದಲ್ಲಿ ಗಾಳಿಯ ರಭಸ ಹೆಚ್ಚು. ಗೋಡೆಯ ಬಿರುಕಿನಲ್ಲಿ ಹುಟ್ಟಿದ ಅರಳಿಯ ಸಸಿ ಬೆಳೆಬೆಳೆದು ದೇವಾಲಯದ ಕಲ್ಲುಗಳನ್ನೇ ಸರಿಸಿಬಿಡುವುದನ್ನು ಹಳ್ಳಿಹಳ್ಳಿಯಲ್ಲಿ ಕಾಣಬಹುದು. ಬೇರಿಗೆ ಇಂತಹ ಬಲವಿರುವಾಗ ನೂರು ಮೀಟರ್ ಎತ್ತರದಲ್ಲಿ ಮರ ನೆಡುವುದು ಹುಡುಗಾಟವೆ?

ಈ ಪ್ರಶ್ನೆಗೆ ಉತ್ತರ ದೊರೆತುದು ಅದೇ ಮಿಲಾನ್ ನಗರದಲ್ಲಿ. ವಾಸ್ತುಶಿಲ್ಪಿ ಸ್ಟೆಫಾನೊ ಬೊಯೇರಿ ಮತ್ತು ಅವರ ಸಂಗಡಿಗರು ರೂಪಿಸಿದ ‘ಬೊಸ್ಕೊ ವರ್ಟಿಕಾಲೆ’ ಎಂಬ ಜೋಡಿ ಗೋಪುರಗಳು 2014ರಲ್ಲಿ ಸಿದ್ಧವಾದವು. ‘ನೆಟ್ಟಗೆ ನಿಂತ ಕಾಡು’ ಎಂಬುದು ಆ ಹೆಸರಿನ ಅರ್ಥ. ದೊಡ್ಡ ಗೋಪುರದ ಎತ್ತರ ಸುಮಾರು 110 ಮೀಟರ್. ಎರಡರ ಬಾಲ್ಕನಿಗಳಲ್ಲಿಯೂ ಒಟ್ಟು ಸುಮಾರು 800 ಮರಗಳೂ ಸಾವಿರಾರು ಪೊದೆಗಳೂ ಬೆಳೆದಿವೆ. ಮೆಚ್ಚಬೇಕಾದುದು ಈ ಸಂಖ್ಯೆಗಿಂತಲೂ ಹೆಚ್ಚಾಗಿ ಇದರ ಹಿಂದಿನ ಸಿದ್ಧತೆಯನ್ನು. ಗೋಡೆಗಳು ಏಳುತ್ತಿದ್ದಾಗಲೇ ಸಸ್ಯಾಗಾರವೊಂದರಲ್ಲಿ ಮರಗಳನ್ನು ಈ ಬಾಳಿಗೆಂದೇ ಬೆಳೆಸಲಾಗುತ್ತಿತ್ತು. ಯಾವ ಮರ ಯಾವ ದಿಕ್ಕಿನ ಬಿಸಿಲಿಗೆ, ಯಾವ ಎತ್ತರದ ಗಾಳಿಗೆ ಒಗ್ಗುವುದೆಂಬುದನ್ನು ಲಾರಾ ಗಟ್ಟಿ ಮೊದಲಾದ ಸಸ್ಯತಜ್ಞರು ನಿರ್ಧರಿಸಿದರು. ಬಿರುಗಾಳಿಯನ್ನು ಕೃತಕವಾಗಿ ಎಬ್ಬಿಸಿ ಮರಗಳು ತಾಳಿಕೊಳ್ಳುವುವೇ ಎಂದು ಪರೀಕ್ಷಿಸಿದರು. ಬೇರಿನ ಗಡ್ಡೆಗಳನ್ನು ತೊಟ್ಟಿಗಳಿಗೆ ಬಿಗಿದು, ಕಾಂಡಗಳಿಗೆ ಉಕ್ಕಿನ ಹಗ್ಗಗಳ ಆಸರೆ ಕೊಟ್ಟರು. ಮರಗಳ ಆರೈಕೆಯನ್ನು ಒಬ್ಬೊಬ್ಬ ನಿವಾಸಿಯ ಇಚ್ಛೆಗೆ ಬಿಡದೆ ಇಡೀ ಕಟ್ಟಡದ ಹೊಣೆಯನ್ನಾಗಿಸಿದರು. ತೋಟಗಾರರು ಬೆಟ್ಟ ಹತ್ತುವವರಂತೆ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ತಾರಸಿಯಿಂದ ಇಳಿದು ಕೊಂಬೆಗಳನ್ನು ಸವರುತ್ತಾರೆ.

ಆರೈಕೆ ತಪ್ಪಿದರೆ ಏನಾಗುವುದೆಂಬುದಕ್ಕೂ ಉದಾಹರಣೆಯುಂಟು. ಚೀನಾ ದೇಶದ ಚೆಂಗ್ಡು ನಗರದಲ್ಲಿ 2018ರಲ್ಲಿ ಎಂಟು ಗೋಪುರಗಳ ವಸತಿಸಮುಚ್ಚಯವೊಂದನ್ನು ಕಟ್ಟಿ ಪ್ರತಿ ಬಾಲ್ಕನಿಯಲ್ಲಿಯೂ ಗಿಡಗಳನ್ನು ಬೆಳೆಸಿದರು. ಅಲ್ಲಿದ್ದ 826 ಮನೆಗಳೆಲ್ಲವೂ ಮಾರಾಟವಾದವು. ಆದರೆ 2020ರ ಸೆಪ್ಟೆಂಬರ್ ವೇಳೆಗೆ ಅಲ್ಲಿ ನೆಲೆಸಿದ್ದುದು ಸುಮಾರು ಹತ್ತು ಕುಟುಂಬಗಳು ಮಾತ್ರವೆಂದು ಪತ್ರಿಕೆಗಳು ವರದಿ ಮಾಡಿದವು. ಖಾಲಿ ಮನೆಗಳ ಬಾಲ್ಕನಿಗಳಲ್ಲಿ ಗಿಡಗಳು ಅಂಕೆಯಿಲ್ಲದೆ ಹಬ್ಬಿಕೊಂಡವು. ಸೊಳ್ಳೆಗಳ ಕಾಟ ವಿಪರೀತವಾಯಿತು. ನೆಡುವ ಉತ್ಸಾಹವಿದ್ದು ಸಾಕುವ ತಾಳ್ಮೆ ಇಲ್ಲದಿದ್ದರೆ ವರವೇ ಶಾಪವಾಗುತ್ತದೆ.

ಇಂತಹ ಕಟ್ಟಡಗಳ ಮೇಲೆ ಆಕ್ಷೇಪಗಳೂ ಇಲ್ಲದಿಲ್ಲ. ಮಣ್ಣಿನ ಭಾರವನ್ನು ಹೊರಲು ಹೆಚ್ಚು ಕಾಂಕ್ರೀಟು, ಹೆಚ್ಚು ಉಕ್ಕು ಬೇಕು. ಅವುಗಳ ತಯಾರಿಕೆಯಿಂದಲೇ ವಾತಾವರಣಕ್ಕೆ ಬಹಳಷ್ಟು ಇಂಗಾಲದ ಡೈಆಕ್ಸೈಡ್ ಸೇರುತ್ತದೆ. ಈ ಹಸಿರು ಸಿರಿವಂತರಿಗೆ ಮಾತ್ರವೇ ಎಂದು ಕೇಳುವವರೂ ಇದ್ದಾರೆ. ಎರಡನೆಯ ಪ್ರಶ್ನೆಗೆ 2021ರಲ್ಲಿ ನೆದರ್ಲೆಂಡ್ಸ್‌ನ ಐಂಡ್‌ಹೋವನ್ ನಗರದಲ್ಲಿ ಒಂದು ಉತ್ತರ ದೊರೆಯಿತು. ಅಲ್ಪ ಆದಾಯದವರಿಗೆಂದು ಬೊಯೇರಿ ಅವರೇ ರೂಪಿಸಿದ ಗೋಪುರದಲ್ಲಿ 125 ಪುಟ್ಟ ಬಾಡಿಗೆಮನೆಗಳಿವೆ. ಅಲ್ಲಿಯೂ ಬಾಲ್ಕನಿಗಳಲ್ಲಿ ಮರಗಳುಂಟು. ಮೊದಲನೆಯ ಆಕ್ಷೇಪವಾದರೋ ವಿವೇಕದ ಮಾತು. ನೆಲದಲ್ಲಿ ಈಗಾಗಲೇ ನಿಂತಿರುವ ಮರವನ್ನು ಕಡಿದು, ಹತ್ತನೆಯ ಅಂತಸ್ತಿನ ತೊಟ್ಟಿಯಲ್ಲಿ ಸಸಿ ನೆಡುವುದು ಜಾಣತನವಲ್ಲ. ನೆಲದ ಮರಕ್ಕೆ ಮೊದಲ ಮನ್ನಣೆ ಸಲ್ಲಬೇಕು. ನೆಲ ಸಾಲದಾದಾಗ ಮಾತ್ರ ಮುಗಿಲ ತೋಟದ ಸರದಿ.

ಬೆಂಗಳೂರಿನಂತಹ ನಗರಗಳು ಈ ಪಾಠಗಳನ್ನು ಗಮನಿಸಬೇಕಾಗಿದೆ. ಎಲ್ಲ ಕಟ್ಟಡಗಳೂ ಮಿಲಾನಿನ ಗೋಪುರಗಳಾಗಬೇಕಿಲ್ಲ. ಗಾಳಿ ಬರುವ ದಿಕ್ಕನ್ನು ನೋಡಿ ಕಿಟಕಿಯಿರಿಸುವುದು, ಪಡುವಣ ಬಿಸಿಲಿಗೆ ನೆರಳಿನ ಮರೆ ಕೊಡುವುದು, ಅಂಗಳಕ್ಕೆಲ್ಲ ಕಾಂಕ್ರೀಟು ಬಳಿಯದೆ ಹೊಂಗೆ ನೇರಳೆಗಳ ಬೇರಿಗೆ ಮಣ್ಣುಳಿಸುವುದು, ಇವಕ್ಕೆ ಹೆಚ್ಚು ಹಣ ಬೇಡ. ದೊಡ್ಡ ನಿವೇಶನಗಳ ಕಟ್ಟಡಗಳಲ್ಲಿ ಮಳೆನೀರನ್ನು ಸಂಗ್ರಹಿಸುವುದನ್ನು ಬೆಂಗಳೂರಿನಲ್ಲಿ 2009ರಲ್ಲಿಯೇ ಕಾನೂನು ಕಡ್ಡಾಯಗೊಳಿಸಿತು. ಆ ನೀರಿನಲ್ಲಿ ಮನುಷ್ಯರಿಗೊಂದು ಪಾಲು, ಮರಗಳಿಗೊಂದು ಪಾಲು ಇರಲಿ.

ಕಟ್ಟಿ ಮುಗಿದ ಮೇಲೆ ಮೂಲೆಯಲ್ಲಿಟ್ಟ ಹೂಕುಂಡದಿಂದ ನಿಸರ್ಗ ಮನೆಗೆ ಮರಳುವುದಿಲ್ಲ. ನಕ್ಷೆ ಇನ್ನೂ ಹಾಳೆಯ ಮೇಲಿರುವಾಗಲೇ ಬೇರಿಗೆ ಜಾಗವೆಷ್ಟು, ನೀರೆಲ್ಲಿಂದ, ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗಳನ್ನು ಕೇಳಬೇಕು. ಹತ್ತನೆಯ ಅಂತಸ್ತಿನಲ್ಲಿ ಹುಟ್ಟಿ ಬೆಳೆಯುವ ಮಗುವಿಗೂ ಚಿಗುರನ್ನು ಮುಟ್ಟಿ ನೋಡುವ, ಹಕ್ಕಿಯ ದನಿಗೆ ಎಚ್ಚರಗೊಳ್ಳುವ ಹಕ್ಕಿದೆ. ಆ ಮಗುವಿನ ನೆರೆಯಲ್ಲಿ ಒಂದು ಮರಕ್ಕೂ ಒಕ್ಕಲಿರಲು ಎಡೆ ಕೊಡುವುದು ಕಟ್ಟುವವರ ಕರ್ತವ್ಯ. ಅದನ್ನು ಸಾಕಿ ಉಳಿಸುವುದು ವಾಸಿಸುವವರ ಕರ್ತವ್ಯ.